ಮುಂಡಗೋಡದಲ್ಲಿ ಕೊರಿಯಾದ ಹಾಡು ಎಷ್ಟು ಓಡಿತು

ಯಾವ ಹಾಡು ಓಡುತ್ತದೆ, ಯಾವುದು ಓಡುವುದಿಲ್ಲ ಎಂದು ಊಹಿಸುವುದೇ ಒಂದು ಕಾಲಕ್ಕೆ ನನ್ನ ಉದ್ಯೋಗವಾಗಿತ್ತು. ಮುಂಡಗೋಡದ ಬಸ್‌ಸ್ಟ್ಯಾಂಡಿನ ಹತ್ತಿರ ಕ್ಯಾಸೆಟ್ಟು, ಸೀಡಿಗಳ ಅಂಗಡಿ ಇಟ್ಟಿದ್ದೆ. ದೊಡ್ಡ ದೇಶಗಳಲ್ಲಿ ಹಾಡುಗಾರರ ಗೆಲುವನ್ನು ಅಳೆಯಲು ವಾರವಾರವೂ ಶ್ರೇಯಾಂಕ ಹೊರಡಿಸುತ್ತಾರಂತೆ. ನನಗೆ ಅಷ್ಟೆಲ್ಲ ಅನುಕೂಲವಿರಲಿಲ್ಲ. ಟೆಂಪೋದವರು ಯಾವುದನ್ನು ಹಾಕಿಕೊಂಡು ಹೋಗುತ್ತಾರೆ, ಪಕ್ಕದ ಸಾಂಬ್ರಾಣಿ ಊರಿನ ಮದುವೆಯಲ್ಲಿ ಬ್ಯಾಂಡಿನವರು ಯಾವುದನ್ನು ಊದಿ ಕೆಡಿಸುತ್ತಾರೆ, ಇಷ್ಟೇ ನನ್ನ ಅಳತೆಗೋಲು. ಬ್ಯಾಂಡಿನವರು ಕೆಡಿಸಿದರೆಂದರೆ ಹಾಡು ಗೆದ್ದಿತೆಂದೇ ಅರ್ಥ.

ಈ ಅಳತೆಗೋಲನ್ನು ಮುರಿದವಳು ಡೋಲ್ಮಾ. ನಮ್ಮೂರ ಹತ್ತಿರದ ಟಿಬೆಟನ್ ನಿರಾಶ್ರಿತರ ಕ್ಯಾಂಪಿನ ಹುಡುಗಿ, ಅಲ್ಲಿಯ ದವಾಖಾನೆಯಲ್ಲಿ ನರ್ಸು. ಒಂದು ದಿನ ಅಂಗಡಿಗೆ ಬಂದು ಕೊರಿಯಾದ ಹುಡುಗಿಯರ ತಂಡವೊಂದರ ಸೀಡಿ ಕೇಳಿದಳು.

"ಕ್ಯಾಂಪಿನ್ಯಾಗ ಎಲ್ಲಾರೂ ಇದನ್ನ ಹಾಡ್ತಾರ ಅಣ್ಣಾರ. ತರಸ್ರಿ."

ಎಲ್ಲರೂ ಎಂದಳಲ್ಲ ಎಂದು ಹುಬ್ಬಳ್ಳಿಯ ಸಗಟು ವ್ಯಾಪಾರಿಗೆ ಹೇಳಿ ಒಂದು ಪೆಟ್ಟಿಗೆ ತರಿಸಿದೆ. ಡೋಲ್ಮಾ ಒಂದು ಕೊಂಡಳು, ಉಳಿದವು ಧೂಳು ತಿಂದವು. ಕ್ಯಾಂಪಿಗೆ ಹೋಗಿ ನೋಡಿದರೆ ಅವಳ ಮಾತು ಸುಳ್ಳೇನಲ್ಲ. ಹೋಟೆಲಿನಲ್ಲಿ, ಆಟದ ಬಯಲಿನಲ್ಲಿ, ಎಲ್ಲೆಲ್ಲೂ ಅದೇ ಹಾಡು, ಎಲ್ಲವೂ ಅವಳ ಒಂದೇ ಸೀಡಿಯ ನಕಲು. ಜನಪ್ರಿಯತೆ ಬೇರೆ, ವ್ಯಾಪಾರ ಬೇರೆ ಎಂಬ ಜ್ಞಾನೋದಯ ನನಗೆ ಬೌದ್ಧ ಮಂದಿರದ ಎದುರಿಗೇ ಆಯಿತು.

ಆ ಮಳೆಗಾಲ ನನ್ನ ಮಗಳು ಶೋಭಾ ಸೈಕಲ್ಲಿನಿಂದ ಬಿದ್ದು ಕಾಲು ಮುರಿದುಕೊಂಡಳು. ಪ್ಲಾಸ್ಟರು ಬಿಚ್ಚಿ, ಎಲುಬು ಚೆನ್ನಾಗಿ ಕೂಡಿದೆ, ಇನ್ನು ನಡೆಯಲಿ ಎಂದರು ಡಾಕ್ಟರು. ಅವಳು ಮಾತ್ರ ಕಾಲು ನೆಲಕ್ಕೆ ಊರಲೊಲ್ಲಳು. "ಮತ್ತ ಮುರದ್ರ?" ಎನ್ನುವುದೊಂದೇ ಮಾತು. ನನ್ನ ಹೆಂಡತಿ ಬೈದಳು, ಅತ್ತಳು. ನಾನು ರಮಿಸಿದೆ. ಶಾಲೆಯ ಹೆಸರೆತ್ತಿದರೆ ಶೋಭಾ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು. ಹತ್ತನೆಯ ತರಗತಿ ಕೈತಪ್ಪುವ ಹಾಗೆ ಕಂಡಿತು.

ಸುದ್ದಿ ತಿಳಿದು ಡೋಲ್ಮಾ ಮನೆಗೆ ಬಂದಳು. ಔಷಧ ತಂದಾಳೆಂದುಕೊಂಡರೆ ಅದೇ ತಂಡದ ಕುಣಿತದ ವೀಡಿಯೋ ತಂದಿದ್ದಳು. ಟೀವಿಗೆ ಹಾಕಿ, ಮಂಚದ ಮೇಲೆ ಶೋಭಾಳ ಪಕ್ಕ ಕುಳಿತು, ಮೊದಲು ಬರೀ ಕೈಗಳ ಕುಣಿತ ಕಲಿಸಿದಳು. ಡ್ಯೂಟಿ ಮುಗಿಸಿ ದಿನಾ ಬರತೊಡಗಿದಳು. ಭಾಷೆ ಬಾರದ ಶೋಭಾ ಆ ಹಾಡಿಗೆ ತನ್ನದೇ ಕನ್ನಡ ತುಂಬಿ ನಗುವುದು ಅಡುಗೆಮನೆಗೂ ಕೇಳುತ್ತಿತ್ತು.

ಒಂದು ಸಂಜೆ ಡೋಲ್ಮಾ, "ಇನ್ನ ಮುಂದಿಂದು ನಿಂತ ಮಾಡೂದು," ಎಂದಳು.

"ಅಂಜಿಕಿ ಬರ್ತೈತಿ ಅಕ್ಕಾ."

"ಬರ್ಲಿ. ನನ್ನ ಹೆಗಲ ಹಿಡಕೋ, ಭಾರ ನನ್ನ ಮ್ಯಾಲ ಹಾಕು."

ಶೋಭಾ ಎದ್ದಳು. ಗಟ್ಟಿ ಕಾಲು ಮೊದಲು, ಹಾಡು ಜೋರಾದಾಗ ಇನ್ನೊಂದು. ನನ್ನ ಹೆಂಡತಿ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು. ಹಾಡು ಅರ್ಧಕ್ಕೆ ಬಂದಿರಬೇಕು, "ಅಕ್ಕಾ, ಈಗ ಬಿಡು," ಎಂದವಳು ಶೋಭಾಳೇ.

ದಸರಾ ಸೂಟಿ ಮುಗಿದ ಮೇಲೆ ನಡೆದುಕೊಂಡೇ ಶಾಲೆಗೆ ಹೋದಳು. ನಿನ್ನ ಉಪಕಾರ ಹೇಗೆ ತೀರಿಸಲಿ ಎಂದು ಡೋಲ್ಮಾಳನ್ನು ಕೇಳಿದರೆ, "ನನಗ್ಯಾಕ ಹೇಳ್ತೀರಿ, ಆ ಹುಡಿಗ್ಯಾರಿಗೆ ಹೇಳ್ರಿ," ಎಂದು ನಕ್ಕಳು.

ಅವರಿಗೆ ಹೇಗೆ ಹೇಳುವುದು? ಮುಂಡಗೋಡವೆಂಬ ಊರಿರುವುದೇ ಅವರಿಗೆ ಗೊತ್ತಿರಲಿಕ್ಕಿಲ್ಲ. ಅವರೆಷ್ಟು ಗೆದ್ದರೆಂದು ಅಳೆಯುವವರು ಬೇರೆ ಇದ್ದಾರೆ, ಅಳೆಯಲಿ. ನನ್ನ ಹೆಂಡತಿಯ ಚಿಂತೆಯೇ ಬೇರೆ. ಟೀವಿಯಲ್ಲಿ ಅವರು ಕುಣಿಯುವುದನ್ನು ಕಂಡಾಗಲೆಲ್ಲ ಕೈಯ ಕೆಲಸ ಬಿಟ್ಟು ಬಂದು ಕೂರುತ್ತಾಳೆ.

"ಎಷ್ಟ ಸೊರಗ್ಯಾವ ನೋಡ್ರಿ ಹುಡಿಗ್ಯಾರು. ಹೊಟ್ಟಿ ತುಂಬ ಉಣ್ಣಾಕ ಹಾಕ್ತಾರೋ ಇಲ್ಲೋ."