ಬೀಗದಕ್ಕ ಕೇಳುವ ಮೂರು ವಸ್ತು

ಬೀಗದಕ್ಕನನ್ನು ನಾನು ಮೊದಲು ನೋಡಿದ್ದು ಒಂದು ಮಂಗಳವಾರ ಬೆಳಗ್ಗೆ, ಒಂಬತ್ತೂಕಾಲಿಗೆ. ಗಂಟೆ ನೆನಪಿರುವುದಕ್ಕೆ ಕಾರಣವಿದೆ. ಹತ್ತೂವರೆಗೆ ನಾನು ಕೋರ್ಟಿನಲ್ಲಿ ನಮ್ಮ ಹಿರಿಯ ವಕೀಲರ ಹಿಂದೆ ಫೈಲು ಹಿಡಿದು ನಿಂತಿರಬೇಕಿತ್ತು. ಫೈಲು ರೂಮಿನೊಳಗಿತ್ತು. ನಾನು ಹೊರಗಿದ್ದೆ, ಬರಿಗಾಲಿನಲ್ಲಿ, ಒಂದು ಬಕೆಟ್ ನೀರಿನ ಜೊತೆ. ನಲ್ಲಿಗೆ ಹೋಗಿ ಬರುವಷ್ಟರಲ್ಲಿ ಗಾಳಿಗೆ ಬಾಗಿಲು ಬಡಿದುಕೊಂಡು ಬೀಗ ಬಿದ್ದಿತ್ತು. ತನ್ನಷ್ಟಕ್ಕೆ ತಾನೇ ಬೀಗ ಹಾಕಿಕೊಳ್ಳುವ ಬಾಗಿಲು ನಮ್ಮ ಹಳ್ಳಿಯಲ್ಲಿ ಇರಲಿಲ್ಲ. ಪೇಟೆಗೆ ಬಂದು ರೂಮು ಹಿಡಿದು ಆಗ ಹನ್ನೆರಡು ದಿನವಾಗಿತ್ತು.

ಕೆಳಗಿನ ಮನೆಯವರು ಯಾರನ್ನೋ ಕಳಿಸಿ ಬೀಗದಕ್ಕನನ್ನು ಕರೆಸಿದರು. ಐವತ್ತೈದರ ಆಸುಪಾಸಿನ ಹೆಂಗಸು, ಕನ್ನಡಕದ ಕಡ್ಡಿಗೆ ದಾರ ಕಟ್ಟಿಕೊಂಡಿದ್ದರು, ಕೈಯಲ್ಲಿ ನೀಲಿ ಬಣ್ಣ ಹೋದ ತಗಡಿನ ಪೆಟ್ಟಿಗೆ. ಮೆಟ್ಟಿಲು ಹತ್ತಿ ಬಂದವರು ಬೀಗದ ಕಡೆ ನೋಡಲೇ ಇಲ್ಲ. ಪೆಟ್ಟಿಗೆ ಇಟ್ಟು ಅದರ ಮೇಲೆ ಕೂತು ನನ್ನನ್ನು ನೋಡಿದರು.

"ಒಳಗೆ ಏನಿದೆ ಹೇಳು."

"ಮಂಚ, ಪುಸ್ತಕ, ಬಟ್ಟೆ..."

"ಅದು ಯಾರ ರೂಮಲ್ಲಿ ಇರಲ್ಲ? ಆ ರೂಮಲ್ಲಿ ಬಾಳುವೆ ಮಾಡೋರಿಗೆ ಮಾತ್ರ ಗೊತ್ತಿರೋ ಮೂರು ವಸ್ತು ಹೇಳು."

ನನಗೆ ಅಳು ಬರುವಂತಾಗಿತ್ತು. ಆದರೂ ಹೇಳಿದೆ. ಒಡೆದ ಕಿಟಕಿ ಗಾಜಿಗೆ ಹಳೇ ಪ್ರಶ್ನೆಪತ್ರಿಕೆ ಅಂಟಿಸಿದ್ದೇನೆ. ಹಾಸಿಗೆಯ ಕೆಳಗೆ ಪ್ಲಾಸ್ಟಿಕ್ ಚೀಲದಲ್ಲಿ ನನ್ನ ಡಿಗ್ರಿ ಸರ್ಟಿಫಿಕೇಟ್ ಇದೆ. ಅಮ್ಮ ಹಳೇ ಬಟ್ಟೆ ಸೇರಿಸಿ ಹೊಲಿದ ಹೊದಿಕೆ ಇದೆ, ಅದರ ಒಂದು ಮೂಲೆಯಲ್ಲಿ ಅಪ್ಪನ ಅಂಗಿಯ ಜೇಬು ಹಾಗೇ ಉಳಿದಿದೆ.

"ಹಾಂ, ಜೇಬು!" ಎಂದು ಎದ್ದರು. ಎರಡು ತಂತಿ ತೆಗೆದು, ಕಿವಿಯನ್ನು ಬಾಗಿಲಿಗೆ ಹಚ್ಚಿ, ಮಲಗಿದ ಮಗುವಿನ ಉಸಿರು ಕೇಳುವವರ ಹಾಗೆ ಕಣ್ಣು ಮುಚ್ಚಿದರು. ನಾಲ್ಕೈದು ನಿಮಿಷಕ್ಕೆ ಬಾಗಿಲು ಸಡಿಲಾಯಿತು. ಅದು ತೆರೆದುಕೊಂಡ ಕೂಡಲೇ ಬೀಗದಕ್ಕ ಎರಡು ಹೆಜ್ಜೆ ಹಿಂದೆ ಸರಿದು ಬೆನ್ನು ತಿರುಗಿಸಿದರು.

"ಹೋಗು, ಆ ಜೇಬು ತಗೊಂಡು ಬಾ."

ಹೊದಿಕೆ ತಂದುಕೊಟ್ಟೆ. ಜೇಬಿನೊಳಗೆ ಕೈ ಹಾಕಿ ನೋಡಿ, "ಖಾಲಿ. ಇರಲಿ ಬಿಡು, ಲಾಯರಮ್ಮ ಆಗಿದ್ದೀಯಲ್ಲ, ತುಂಬುತ್ತೆ" ಎಂದರು. ಹೊಸ್ತಿಲಿನ ಒಳಗೆ ಒಂದು ಕಾಲೂ ಇಡಲಿಲ್ಲ.

ಇದು ಅವರ ಅಪ್ಪ ಹಾಕಿಕೊಟ್ಟ ಪಾಠ ಎಂದು ಆಮೇಲೆ ತಿಳಿಯಿತು. ಅಪ್ಪನೂ ಬೀಗ ರಿಪೇರಿಯವರೇ. ತೆಗೆಯುವ ಮೊದಲು ಮೂರು ವಸ್ತು ಕೇಳಬೇಕು, ತೆಗೆದ ಮೇಲೆ ಒಂದನ್ನು ತರಿಸಿ ನೋಡಬೇಕು, ಹೊಸ್ತಿಲು ಮಾತ್ರ ದಾಟಬಾರದು. ಮೂವತ್ತು ವರ್ಷ ಬ್ಯಾಂಕಿನವರು, ಡಾಕ್ಟರು, ಜಗಳವಾಡಿ ಕೀ ಎಸೆದ ಗಂಡ ಹೆಂಡತಿ, ಎಲ್ಲರೂ ಈ ಪರೀಕ್ಷೆ ಬರೆದವರೇ. ಬಸ್ ನಿಲ್ದಾಣದ ಹಿಂದಿನ ಗೋಡೆಗೆ ಒರಗಿಸಿದ ಅವರ ಹಲಗೆಯ ಮುಂದೆ ಹೋಗುವಾಗೆಲ್ಲ "ಜೇಬು ತುಂಬಿತಾ?" ಎಂದು ಕೂಗಿ ಕೇಳುತ್ತಿದ್ದರು.

ಅದಾಗಿ ಹನ್ನೊಂದು ತಿಂಗಳಿಗೆ ನಮ್ಮ ಆಫೀಸಿಗೆ ಬಂದರು. ಕೈಯಲ್ಲಿ ಪೆಟ್ಟಿಗೆ ಇರಲಿಲ್ಲ. ಜೊತೆಯಲ್ಲಿ ಅವರ ಅಳಿಯ, ಬಸ್ ಕಂಡಕ್ಟರ್, ಯೂನಿಫಾರ್ಮಿನಲ್ಲೇ ಬಂದಿದ್ದ.

"ನನ್ನ ಮೇಲೆ ಕೇಸಾಗಿದೆ ಲಾಯರಮ್ಮ. ಮನೆ ನುಗ್ಗಿದೆನಂತೆ. ಖೊಟ್ಟಿ ಕಾಗದ ಬೇರೆ ನಡೆಸಿದೆನಂತೆ."

ನಡೆದದ್ದು ಇಷ್ಟು. ಒಬ್ಬ ಮನುಷ್ಯ, ಇಸ್ತ್ರಿ ಮಾಡಿದ ಅಂಗಿ, ಒಳ್ಳೆಯ ಮಾತು, ಅವರ ಹಲಗೆಯ ಹತ್ತಿರ ಬಂದ. ಇದು ನನ್ನ ಚಿಕ್ಕಪ್ಪನ ಮನೆ, ಚಿಕ್ಕಪ್ಪ ಬೇರೆ ಊರಲ್ಲಿದ್ದಾರೆ, ಆರು ತಿಂಗಳಿಂದ ಮುಚ್ಚಿದೆ, ನನ್ನ ವಶಕ್ಕೆ ಬರೆದುಕೊಟ್ಟಿದ್ದಾರೆ, ಬೀಗ ತೆಗೆದು ಹೊಸ ಕೀ ಮಾಡಿಕೊಡಿ ಎಂದ. ಛಾಪಾ ಕಾಗದ ತೋರಿಸಿದ. ಅದರ ಮೇಲೆ ಸೀಲು, ಸಹಿ, ಇಬ್ಬರು ಸಾಕ್ಷಿಗಳು. ಅಂಥ ಕಾಗದದ ಮುಂದೆ ಮೂರು ವಸ್ತು ಕೇಳಲು ಬೀಗದಕ್ಕನಿಗೆ ನಾಚಿಕೆಯಾಯಿತು. ಮೂವತ್ತು ವರ್ಷದಲ್ಲಿ ಅದೊಂದೇ ಸಲ ಅವರು ಕೇಳಲಿಲ್ಲ.

ಚಿಲಕದ ಬೀಗ ತೆಗೆದು, ಮೆಟ್ಟಿಲ ಮೇಲೆ ಕೂತು ಅರದಲ್ಲಿ ಉಜ್ಜಿ ಹೊಸ ಕೀ ಮಾಡಿದರು. ಅಷ್ಟರಲ್ಲಿ ಆ ಮನುಷ್ಯ ಒಳಗೆ ಹೋಗಿ ಪೆಟ್ಟಿಗೆಗಳನ್ನು ಎಳೆದಾಡಿ, "ಸಾಮಾನು ಸಾಗಿಸೋಕೆ ಗಾಡಿ ತರ್ತೀನಿ, ಇಲ್ಲೇ ಇರಿ" ಎಂದು ಹೊರಟ. ಬೀಗದಕ್ಕ ಹೊರಗಿನಿಂದಲೇ ತಲೆ ಎತ್ತಿ ನೋಡಿದರು. ಒಳಗೆ ಹಗ್ಗದ ಮೇಲೆ ನರ್ಸಿನ ಬಿಳಿ ಯೂನಿಫಾರ್ಮ್ ತೂಗುತ್ತಿತ್ತು. ಅದರಿಂದ ನೀರು ತೊಟ್ಟಿಕ್ಕುತ್ತಿತ್ತು.

"ಆರು ತಿಂಗಳು ಮುಚ್ಚಿದ ಮನೇಲಿ ಒದ್ದೆ ಬಟ್ಟೆ ಎಲ್ಲಿಂದ ಬರುತ್ತೆ ಲಾಯರಮ್ಮ?"

ಎದ್ದು ಹೋಗಬಹುದಿತ್ತು. ಹೋಗಿದ್ದರೆ ಯಾರಿಗೂ ಅವರ ಹೆಸರೇ ಗೊತ್ತಾಗುತ್ತಿರಲಿಲ್ಲ. ಅವರು ಬಾಗಿಲು ಎಳೆದು, ಪೆಟ್ಟಿಗೆಯಲ್ಲಿದ್ದ ತಮ್ಮದೇ ಬೀಗ ಹಾಕಿ, ಅದರ ಕೀಯನ್ನು ಮುಷ್ಟಿಯಲ್ಲಿ ಹಿಡಿದು ಮೆಟ್ಟಿಲ ಮೇಲೆ ಕೂತರು. ಆ ಮನುಷ್ಯ ಗಾಡಿಯ ಜೊತೆ ಬಂದು ಬೈದ, ಬೇಡಿದ, ಹೆದರಿಸಿದ. ಬೀಗದಕ್ಕ ಈಗ ಕೇಳಿದರು, "ಒಳಗಿರೋ ಮೂರು ವಸ್ತು ಹೇಳು, ಕೀ ಕೊಡ್ತೀನಿ." ತಾನು ಎಳೆದಾಡಿದ ಪೆಟ್ಟಿಗೆಗಳ ಹೊರತು ಅವನ ಕಣ್ಣಿಗೆ ಒಳಗಿನದು ಏನೂ ಬಿದ್ದಿರಲಿಲ್ಲ. ಬೀದಿಯಲ್ಲಿ ಜನ ಸೇರಿದ್ದು ನೋಡಿ ಜಾರಿಕೊಂಡ.

ಆಸ್ಪತ್ರೆಯ ಡ್ಯೂಟಿ ಮುಗಿಸಿ ನರ್ಸ್ ಬಂದಳು. ಆ ಮನೆಯ ಬಾಡಿಗೆದಾರಳು ಅವಳೇ. ಒಳಗೆ ಹೋಗಿ ಕೆದಕಿದ ಪೆಟ್ಟಿಗೆಗಳನ್ನು ಕಂಡು ಪೊಲೀಸರಿಗೆ ಫೋನು ಮಾಡಿದಳು. ಪೊಲೀಸರ ಕೈಗೆ ಅಲ್ಲಿ ಸಿಕ್ಕಿದ್ದು ಬೀಗದಕ್ಕ ಒಬ್ಬರೇ. ಜೀಪು ಬಂದಾಗ ಬೀದಿಯವರೊಬ್ಬರು, "ಬೀಗದಕ್ಕಾ, ನಿಮ್ಮ ಬೀಗರು ಬಂದ್ರು!" ಎಂದು ನಕ್ಕರಂತೆ. ಎರಡು ದಿನದ ಮೇಲೆ ಆ ಮನುಷ್ಯನೂ ಸಿಕ್ಕಿದ. ಸಿಕ್ಕವನು, ಬೀಗದವಳೂ ನಾನೂ ಮೊದಲೇ ಮಾತಾಡಿಕೊಂಡಿದ್ದೆವು, ಅವಳೂ ಒಳಗೆ ಬಂದಿದ್ದಳು ಎಂದು ಹೇಳಿಕೆ ಕೊಟ್ಟ.

ಠಾಣೆಯಲ್ಲಿ ಒಬ್ಬರು, "ಪೆಟ್ಟಿಗೆ ನೋಡಿದ್ರೇ ಗೊತ್ತಾಗುತ್ತೆ, ಎಲ್ಲಾ ಮನೆ ಒಡೆಯೋ ಸಾಮಾನು" ಎಂದರು.

"ಹಾಗಾದ್ರೆ ಹೋದ ವರ್ಷ ನಿಮ್ಮ ಬೀರುವಿನ ಬೀಗ ಕಚ್ಚಿಕೊಂಡಾಗ ಕರೆಸಿದ್ರಲ್ಲ ಸ್ವಾಮಿ, ಆವತ್ತು ನಾನು ತಂದಿದ್ದು ಯಾವ ಸಾಮಾನು?"

ಈ ಮಾತಿಗೆ ಪೆಟ್ಟಿಗೆಗೆ ಅರಗಿನ ಸೀಲು ಬಿತ್ತು. ಸಾಕ್ಷ್ಯದ ವಸ್ತು ಎಂದು ಅದು ಕೋರ್ಟಿನ ಉಗ್ರಾಣಕ್ಕೆ ಹೋಯಿತು.

ನಮ್ಮ ಹಿರಿಯ ವಕೀಲರು ಕೆಟ್ಟವರಲ್ಲ. ಎಲ್ಲವನ್ನೂ ಕೇಳಿ, ಕನ್ನಡಕ ತೆಗೆದು ಹೇಳಿದರು. "ನೋಡಿ ತಾಯಿ, ಹೊಸ್ತಿಲು ದಾಟಲಿಲ್ಲ ಅನ್ನೋದು ಸಾಕಾಗಲ್ಲ. ದಾಟೋನಿಗೆ ಬಾಗಿಲು ತೆಗೆದುಕೊಟ್ಟೋರೂ ಹೊಣೆಯಾಗಬಹುದು. ಕಾನೂನು ನೋಡೋದು ಉದ್ದೇಶ. ಒಳಗೆ ಹೋಗೋ ಕೆಟ್ಟ ಉದ್ದೇಶ ಗೊತ್ತಿತ್ತಾ? ಕಾಗದ ಖೊಟ್ಟಿ ಅಂತ ಗೊತ್ತಿದ್ದೂ ನಿಜ ಅಂತ ನಡೆಸಿದ್ರಾ? ಇದನ್ನ ವಾದ ಮಾಡ್ತಾ ಹೋದ್ರೆ ವರ್ಷ ಹಿಡಿಯುತ್ತೆ. ದೊಡ್ಡ ಆರೋಪ ಕೈಬಿಡಿಸೋಕೆ ನೋಡ್ತೀನಿ. ಸಣ್ಣದನ್ನ ಒಪ್ಪಿಕೊಂಡುಬಿಡಿ. ದಂಡ ಹಾಕಿ ಬಿಡ್ತಾರೆ. ಹಾವೂ ಸಾಯಬಾರದು, ಕೋಲೂ ಮುರೀಬಾರದು."

"ಹೌದು ಅತ್ತೆ," ಅಳಿಯ ದನಿಗೂಡಿಸಿದ. "ಡಿಪೋದಲ್ಲಿ ನನ್ನ ನೋಡಿ ನಗ್ತಿದ್ದಾರೆ. ಕೋರ್ಟಲ್ಲಿ ಗೆದ್ದೋನು ಸೋತ, ಸೋತೋನು ಸತ್ತ ಅಂತಾರೆ. ಒಂದು ಸಹಿ ಹಾಕಿ ಮುಗಿಸಿ."

ಬೀಗದಕ್ಕ ಮೇಜಿನ ಮೇಲಿದ್ದ ನಮ್ಮ ಆಫೀಸಿನ ಕೀಗೊಂಚಲನ್ನು ಎತ್ತಿಕೊಂಡರು. "ಇದರಲ್ಲಿ ಮೂರು ಕೀ ನಾನು ಮಾಡಿದ್ದು. ಮನೆ ನುಗ್ಗಿದ್ದು ನಿಜ ಅಂತ ನಾನೇ ಸಹಿ ಹಾಕಿದ ಮೇಲೆ, ನಾಳೆ ನೀವು ನನ್ನ ಕೈಲಿ ನಾಲ್ಕನೇದು ಮಾಡಿಸ್ತೀರಾ ಸಾರ್?"

ಹಿರಿಯರು ತೆಗೆದ ಕನ್ನಡಕವನ್ನು ಮತ್ತೆ ಹಾಕಿಕೊಂಡರು.

"ನೀನು ಹೇಳಪ್ಪಾ ಅಳಿಯ. ನಿನ್ನ ಮನೆ ಬಾಗಿಲಿಗೆ ಕರೀತೀಯಾ?"

"ನೀವು ನಮ್ಮೋರಲ್ವಾ ಅತ್ತೆ..."

"ಊರಿಗೆಲ್ಲ ನಾನು ಅತ್ತೆ ಅಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ. ಬೇರೆಯವರಿಗೆ ದಂಡ ಕಟ್ಟಿದ್ರೆ ಮುಗೀತು. ಬೀಗದೋಳಿಗೆ ಅಲ್ಲಿಂದ ಶುರು. ಸಹಿ ಹಾಕಲ್ಲ."

ಕೇಸು ಹದಿನಾಲ್ಕು ತಿಂಗಳು ನಡೆಯಿತು. ಅಷ್ಟೂ ದಿನ ಬೀಗದಕ್ಕ ಎರವಲು ತಂದ ಒಂದು ಅರ, ಒಂದು ಇಕ್ಕಳ ಇಟ್ಟುಕೊಂಡು ಅದೇ ಗೋಡೆಗೆ ಒರಗಿ ಕೂತರು. ಮನೆಗೆ ಕರೆಯುವವರು ನಿಂತುಹೋದರು. ಸೂಟ್‌ಕೇಸು, ಸೈಕಲ್ ಬೀಗ ಮಾತ್ರ ಬರುತ್ತಿದ್ದವು. ಎದುರಿನ ಚಪ್ಪಲಿ ಅಂಗಡಿಯವನು "ಹಲಗೆ ಮೇಲಿನ ಹೆಸರು ಒರೆಸಿಬಿಡಿ ಅಕ್ಕ, ನಾಲ್ಕು ದಿನ" ಎಂದಾಗ, ಬಣ್ಣ ತರಿಸಿ ಅಕ್ಷರಗಳನ್ನು ಇನ್ನೂ ದಪ್ಪ ಮಾಡಿಸಿದರು. ವಾಯಿದೆಯ ದಿನ ಕೋರ್ಟಿನ ಕಾರಿಡಾರಿನಲ್ಲಿ ಆರೋಪಿಗಳೆಲ್ಲ ಮುಖ ಮರೆಸಿಕೊಂಡು ನಿಂತರೆ ಇವರು ಮುಂದಿನ ಬೆಂಚಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದರು.

ನಮಗಿದ್ದ ಭಯ ನರ್ಸಿನದು. ದೂರಿನಲ್ಲಿ ಅವಳು ಇಬ್ಬರ ಹೆಸರನ್ನೂ ಬರೆಸಿದ್ದಳು. ಬೀಗದಕ್ಕನ ಮೇಲೆ ಅವಳಿಗೆ ಒಂದು ಕೈ ಹೆಚ್ಚೇ ಸಿಟ್ಟಿತ್ತು. ಯಾಕೆ ಎಂದು ನಮಗೆ ಅರ್ಥವಾಗಿರಲಿಲ್ಲ. ಬೀಗದಕ್ಕನನ್ನು ಕೇಳಿದರೆ, "ಅವಳ ಜಾಗದಲ್ಲಿ ನಾನಿದ್ರೂ ಹಾಗೇ ಬೈತಿದ್ದೆ" ಎನ್ನುತ್ತಿದ್ದರು, ಅಷ್ಟೇ.

ಸಾಕ್ಷಿ ಕಟಕಟೆಯಲ್ಲಿ ನರ್ಸ್ ಸರ್ಕಾರಿ ವಕೀಲರ ಪ್ರಶ್ನೆಗೆ ದೂರಿನಲ್ಲಿದ್ದಂತೆಯೇ ಹೇಳಿದಳು. ಕೊನೆಗೆ, "ಆಯಮ್ಮ ನನ್ನ ಹತ್ರ 'ನನ್ನಿಂದ ತಪ್ಪಾಯ್ತು' ಅಂತ ತಾವೇ ಹೇಳಿದ್ರು" ಎಂದಳು. ಸರ್ಕಾರಿ ವಕೀಲರು ಗೆದ್ದವರಂತೆ ಕೂತರು. ಹಿರಿಯರು ಪಾಟೀಸವಾಲಿಗೆ ಎದ್ದರು.

"ನೀವು ಬಂದಾಗ ಇವರು ಎಲ್ಲಿದ್ರು?"

"ಮೆಟ್ಟಿಲ ಮೇಲೆ."

"ಬಾಗಿಲು?"

"ಬೀಗ ಹಾಕಿತ್ತು. ನನ್ನ ಬೀಗ ಅಲ್ಲ, ಬೇರೆ."

"ಕೀ?"

"ಅವರ ಕೈಲಿ. ಕೊಡಿ ಅಂದ್ರೆ ಕೊಡಲಿಲ್ಲ ಸಾರ್!" ನರ್ಸಿನ ದನಿ ಏರಿತು. "ಹನ್ನೆರಡು ಗಂಟೆ ಡ್ಯೂಟಿ ಮಾಡಿ ಬಂದಿದ್ದೀನಿ, ಕಾಲು ಬಿದ್ದುಹೋಗ್ತಿದೆ, ನನ್ನ ಮನೆ ಮುಂದೆ ಕೂತು ನನ್ನನ್ನೇ ಕೇಳ್ತಾರೆ, ಒಳಗೆ ಏನಿದೆ ಮೂರು ವಸ್ತು ಹೇಳು ಅಂತ! ನನ್ನ ಮನೆಗೆ ನಾನೇ ಪರೀಕ್ಷೆ ಬರೀಬೇಕಾ? ಎಷ್ಟು ಸಿಟ್ಟು ಬಂತು ಗೊತ್ತಾ?"

ಮ್ಯಾಜಿಸ್ಟ್ರೇಟರು ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದರು. "ನೀವು ಹೇಳಿದ್ರಾ?"

"ಹೇಳಿದೆ. ಹಗ್ಗದ ಮೇಲೆ ನನ್ನ ಯೂನಿಫಾರ್ಮು, ಕೈಮುರಿದ ಕುರ್ಚಿ, ತಂಗಿ ಕಳಿಸಿದ ಗೋಡೆ ಗಡಿಯಾರ. ಅದು ಹನ್ನೊಂದಕ್ಕೆ ನಿಂತಿದೆ ಅಂತಾನೂ ಹೇಳಿದೆ. ಆಮೇಲೆ ಕೀ ಕೊಟ್ಟು, ಹೋಗಿ ಗಡಿಯಾರ ತಂದು ತೋರಿಸು ಅಂದ್ರು. ತಂದೆ. ನೋಡಿ, 'ಇದನ್ನ ಆವಯ್ಯನ ಹತ್ರ ಮೊದಲೇ ಕೇಳಬೇಕಿತ್ತು, ನನ್ನಿಂದ ತಪ್ಪಾಯ್ತು ತಾಯಿ' ಅಂದ್ರು."

ಹೇಳುತ್ತ ಹೇಳುತ್ತ ಅವಳ ದನಿಯೇ ಇಳಿಯಿತು. ತಾನು ಹೇಳುತ್ತಿರುವುದೇನು ಎಂದು ಅವಳಿಗೂ ಆಗಲೇ ಹೊಳೆದಿರಬೇಕು. ಬೀಗದಕ್ಕನ ಕಡೆ ತಿರುಗಿ ನೋಡಿದಳು. "ಅವರು ಒಳಗೆ ಬಂದಿದ್ದನ್ನ ನಾನು ನೋಡಿಲ್ಲ. ಗಡಿಯಾರಾನೂ ಹೊರಗೆ ನಿಂತೇ ನೋಡಿದ್ರು" ಎಂದಳು.

ಕೊನೆಯಲ್ಲಿ ಮ್ಯಾಜಿಸ್ಟ್ರೇಟರು ಬೀಗದಕ್ಕನನ್ನು ಕೇಳಿದರು. "ಬೀಗ ತೆಗೆದಿದ್ದು ನೀವೇನಾ?" ಹುಷಾರಾಗಿ ಮಾತಾಡಿ ಎಂದು ಹಿರಿಯರು ಮೂರು ಸಲ ಹೇಳಿ ಕಳಿಸಿದ್ದರು.

"ನಾನೇ ಸ್ವಾಮಿ. ಕೀ ಮಾಡಿದ್ದೂ ನಾನೇ. ಆ ಕಾಗದ ನಂಬಿ ಕೇಳೋದನ್ನ ಬಿಟ್ಟೆ, ಅದು ನನ್ನ ತಪ್ಪು. ಬರ್ಕೊಳ್ಳಿ. ಅಪರಾಧ ಅಂತ ಬರ್ಕೋಬೇಡಿ, ಅದನ್ನ ನಾನು ಮಾಡಿಲ್ಲ. ಛಾಪಾ ಕಾಗದ ಮಾರಿದ್ದು ಹತ್ತೊಂಬತ್ತನೇ ತಾರೀಕು, ಅದರ ಮೇಲೆ ಸಹಿ ಹನ್ನೊಂದನೇ ತಾರೀಕಿಂದು, ಅದಕ್ಕೇ ಖೊಟ್ಟಿ ಅಂತಾರೆ. ಓದಿದ ಮೂರು ಜನ ಪೊಲೀಸ್ರಿಗೆ ಅದು ಕಾಣೋಕೆ ಎರಡು ದಿನ ಹಿಡೀತು. ನಾನು ಓದಿದ್ದು ನಾಲ್ಕನೇ ಕ್ಲಾಸು. ಆದ್ರೂ ಒದ್ದೆ ಬಟ್ಟೆ ಓದಿದೆ. ಓದಿದ ಕೂಡ್ಲೇ ಬಾಗಿಲು ಹಾಕಿದೆ."

ಸರ್ಕಾರಿ ವಕೀಲರೂ ನಕ್ಕುಬಿಟ್ಟರು. ಬೀಗದಕ್ಕ ನಗಲಿಲ್ಲ.

ತೀರ್ಪಿನಲ್ಲಿ ಆ ಮನುಷ್ಯನಿಗೆ ಶಿಕ್ಷೆಯಾಯಿತು. ಕಾಗದದ ಮೇಲಿರುವುದು ನನ್ನ ಸಹಿಯಲ್ಲ ಎಂದು ಅವನ ಚಿಕ್ಕಪ್ಪನೇ ಬಂದು ಹೇಳಿದ್ದರು. ಬೀಗದಕ್ಕನ ಬಗ್ಗೆ ಬರೆದಿದ್ದು ಒಂದೂವರೆ ಪುಟ. ಅದರಲ್ಲಿನ ಒಂದು ಸಾಲು ನನಗೆ ಬಾಯಿಪಾಠವಾಗಿದೆ: ಮನೆಯ ಬಾಡಿಗೆದಾರಳು ಬರುವವರೆಗೆ ಕೀ ಹಿಡಿದು ಬಾಗಿಲು ಕಾದವರಿಗೆ ಆ ಮನೆಯನ್ನು ಅತಿಕ್ರಮಿಸುವ ಉದ್ದೇಶವಿತ್ತೆಂದು ನಂಬಲು ಸಾಧ್ಯವಿಲ್ಲ. ಓದಿ ಹೇಳಿದಾಗ, "ಇದೇ ಮಾತನ್ನ ನಾನು ಮೊದಲನೇ ದಿನ ಹೇಳಿದ್ದೆ, ಇವರಿಗೆ ಹದಿನಾಲ್ಕು ತಿಂಗಳು ಬೇಕಾಯ್ತು" ಎಂದರು.

ಪೆಟ್ಟಿಗೆ ಬಿಡಿಸಿಕೊಳ್ಳಲು ಉಗ್ರಾಣಕ್ಕೆ ನಾನೂ ಜೊತೆಗೆ ಹೋದೆ. ಗುಮಾಸ್ತ ಧೂಳು ಹಿಡಿದ ಆರೇಳು ಪೆಟ್ಟಿಗೆಗಳ ಮುಂದೆ ನಿಂತು, "ಚೀಟಿ ಕಿತ್ತುಹೋಗಿದೆ. ಇದು ನಿಮ್ಮದೇ ಅಂತ ಏನಮ್ಮಾ ಗುರುತು?" ಎಂದ.

ಬೀಗದಕ್ಕನ ಮುಖ ಅರಳಿದ್ದನ್ನು ನಾನು ನೋಡಿದ್ದು ಆವತ್ತೇ. "ಶಭಾಷ್! ಹಾಗೆ ಕೇಳಪ್ಪ. ಹಿಡಿ ಬದಲಿಸಿದ ಸಣ್ಣ ಅರ, ಅಪ್ಪನ ಕಾಲದ ಹಿತ್ತಾಳೆ ತಂತಿ, ಮುಚ್ಚಳದ ಒಳಗೆ ಅಂಟಿಸಿದ ನನ್ನ ಮಗಳ ಒಂದನೇ ಕ್ಲಾಸಿನ ಫೋಟೊ."

ಗುಮಾಸ್ತ ನೀಲಿ ಪೆಟ್ಟಿಗೆಯ ಸೀಲು ಒಡೆದ. ಮೂರೂ ಇದ್ದವು.

ಬೀಗದಕ್ಕ ಈಗಲೂ ಬಸ್ ನಿಲ್ದಾಣದ ಹಿಂದಿನ ಗೋಡೆಯ ಬಳಿ, ದಪ್ಪ ಅಕ್ಷರದ ಅದೇ ಹಲಗೆ ಇಟ್ಟುಕೊಂಡು ಬೀಗ ರಿಪೇರಿ ಮಾಡುತ್ತಾರೆ. ಕರೆದರೆ ಮನೆಗೂ ಬರುತ್ತಾರೆ. ಯಾವ ಕಾಗದ ತೋರಿಸಿದರೂ ಮಡಚಿ ಒಳಗಿಡಿ ಎಂದು ಹೇಳಿ, ಮೂರು ವಸ್ತು ಕೇಳುತ್ತಾರೆ.