ಮೇಜಿನ ಮೇಲಿದ್ದ ಹಾರ್ಡ್ ಡಿಸ್ಕ್

ದೆವ್ವ, ಪವಾಡ, ಕಾಣದ ಕೈ ಎಂದೆಲ್ಲ ಮಾತೆತ್ತಿದವರನ್ನು ನಾನು ಗೇಲಿ ಮಾಡಿ ಕಳಿಸುತ್ತಿದ್ದೆ. ಯಲ್ಲಾಪುರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವಳು ನಾನು. ಯಂತ್ರ ಕೆಟ್ಟರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ, ಹುಡುಕಲು ತಾಳ್ಮೆ ಬೇಕು ಅಷ್ಟೇ ಎಂದು ಬಂದವರಿಗೆಲ್ಲ ಪಾಠ ಹೇಳುತ್ತಿದ್ದೆ. ಈಗ ಬರೆಯುತ್ತಿರುವುದನ್ನು ನೀವು ನಂಬಲೇಬೇಕೆಂದೇನಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ.

ಇಮಾಮ್ ಚಾಚಾ ಮೂವತ್ತು ವರ್ಷ ಘಟ್ಟ ಹತ್ತಿಳಿದು ಲಾರಿ ಓಡಿಸಿದವರು. ಸ್ಟೇರಿಂಗ್ ಬಿಟ್ಟ ಮೇಲೆ ತಮ್ಮ ಅನುಭವಗಳನ್ನು ಒಂದೇ ಬೆರಳಿನಲ್ಲಿ ಕಂಪ್ಯೂಟರಿಗೆ ಕುಟ್ಟುತ್ತ ಕೂತರು. ಘಟ್ಟದ ಒಂದೊಂದು ತಿರುವಿಗೂ ಒಂದು ಕತೆ. ಆರು ವರ್ಷದ ದುಡಿಮೆ. ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾಗುತ್ತ ಬಂದಿತ್ತು, ಇನ್ನೊಮ್ಮೆ ಬರೆಯುವ ಮಾತೇ ಇರಲಿಲ್ಲ. ಅಕ್ಷರ ದೊಡ್ಡದಾಗಿ ಕಾಣಲೆಂದು ಹೊಸ ಆಪರೇಟಿಂಗ್ ಸಿಸ್ಟಂ ಹಾಕಿಸಲು ಒಂದು ಬೆಳಿಗ್ಗೆ ಕಂಪ್ಯೂಟರ್ ಹೊತ್ತು ತಂದರು.

ಬೇಕಾದ್ದನ್ನೆಲ್ಲ ಡಿ ಡ್ರೈವ್‌ನಲ್ಲಿಡಿ ಎಂದು ನಾವು ರಿಪೇರಿಯವರು ಗಿರಾಕಿಗಳಿಗೆ ಸಾವಿರ ಸಲ ಹೇಳಿರುತ್ತೇವೆ. ನಾವು ಅಳಿಸುವುದು ಅದೇ ಡಿಸ್ಕಿನಲ್ಲಿ ಸಿಸ್ಟಂ ಇರುವ ಭಾಗ, ಸಿ ಡ್ರೈವ್ ಮಾತ್ರ. ಚಾಚಾನೂ ಹಾಗೇ ಇಟ್ಟಿರುತ್ತಾರೆಂದುಕೊಂಡೆ. ಒಂದು ಮಾತು ಕೇಳಬೇಕಿತ್ತು, ಕೇಳಲಿಲ್ಲ.

ಸಿ ಅಳಿಸಿ ಹೊಸದನ್ನು ಹಾಕಿ ಮತ್ತೆ ಚಾಲೂ ಮಾಡಿದರೆ ಕಪ್ಪು ಪರದೆ. ಡಿಸ್ಕ್ ಸಿಗುತ್ತಿಲ್ಲ ಎಂಬ ಒಂದೇ ಸಾಲು. ಏನೇನೋ ಮಾಡಿದೆ, ಊಟದ ಹೊತ್ತು ಮೀರಿತು. ಸ್ಟೂಲಿನ ಮೇಲೆ ಕೂತಿದ್ದ ಚಾಚಾ ಕೇಳಿದರು, "ತಂಗಿ, ಬರೆದದ್ದೆಲ್ಲ ಪರದೆ ಮೇಲೇ ಇಟ್ಟಿದ್ದೆ, ಕಣ್ಣೆದುರಿಗೇ ಇರ್ಲಿ ಅಂತ. ಅದಕ್ಕೇನೂ ಆಗ್ಲಿಲ್ಲಲ್ಲ?"

ಪರದೆ ಮೇಲೆ ಎಂದರೆ ಸಿ ಡ್ರೈವ್. ಬೆಳಿಗ್ಗೆ ನಾನೇ ಅಳಿಸಿದ್ದು.

"ಇಲ್ಲ ಚಾಚಾ," ಎಂದೆ. ಸುಳ್ಳು.

ಪೆಟ್ಟಿಗೆ ಬಿಚ್ಚಿ, ಹಾರ್ಡ್ ಡಿಸ್ಕ್ ಕಳಚಿ ಮೇಜಿನ ಮೇಲೆ ಹಾಸಿದ್ದ ಪೇಪರಿನ ಮೇಲಿಟ್ಟೆ. ಅಳಿಸಿದ್ದರಲ್ಲಿ ಏನಾದರೂ ಸಿಗಬಹುದೇ ಎಂದು ಸಂಜೆ ನೋಡುವ ಯೋಚನೆ. ಒಳಗಿನ ಬೋರ್ಡ್ ಸರಿಯಿದೆಯೋ ಎಂದು ನೋಡಲು ಸುಮ್ಮನೆ ಗುಂಡಿ ಒತ್ತಿದೆ.

ಹಳೆಯ ಸಿಸ್ಟಂ ತೆರೆದುಕೊಂಡಿತು. ಚಾಚಾನ ಲಾರಿಯ ಚಿತ್ರ, ಅದರ ಪಕ್ಕದಲ್ಲೇ ಅವರ ಹಳದಿ ಫೋಲ್ಡರ್.

ಯೋಚಿಸಲು ಪುರಸೊತ್ತಿರಲಿಲ್ಲ. ಬೆಳಿಗ್ಗೆಯಷ್ಟೇ ಖಾಲಿ ಮಾಡಿಟ್ಟಿದ್ದ ಪೆನ್‌ಡ್ರೈವ್ ಚುಚ್ಚಿ ಕಾಪಿಗೆ ಹಾಕಿದೆ. ಅರ್ಧಕ್ಕೆ ಬಂದಾಗ ಕರೆಂಟ್ ಹೋಯಿತು. ಯುಪಿಎಸ್ ಕಿರುಗುಟ್ಟತೊಡಗಿತು. ನನ್ನ ಹಳೆಯ ಯುಪಿಎಸ್ ಮೂರು ನಿಮಿಷ ತಡೆದರೆ ಹೆಚ್ಚು. ಹಸಿರು ಪಟ್ಟಿ ತೆವಳುತ್ತಿತ್ತು. ಮೇಜಿಗೆ ಆತುಕೊಂಡು ನಿಂತೆ. ಕೈಗೆ ತಣ್ಣಗೆ ಏನೋ ತಾಗಿತು, ನೋಡಿದರೆ ಹಾರ್ಡ್ ಡಿಸ್ಕ್. ಅದು ಪೆಟ್ಟಿಗೆಯ ಹೊರಗಿತ್ತು, ಡಿಸ್ಕೇ ಇಲ್ಲದೆ ಕಂಪ್ಯೂಟರ್ ಓಡುತ್ತಿತ್ತು. ಕಾಪಿ ಮುಗಿಯಿತು, ಪರದೆ ಕಪ್ಪಾಯಿತು. ಆ ಕಂಪ್ಯೂಟರ್ ಮತ್ತೆ ಎಂದೂ ಏಳಲಿಲ್ಲ.

ಪೆಟ್ಟಿಗೆಯಲ್ಲಿ ಇನ್ನೊಂದು ಡಿಸ್ಕ್ ಇತ್ತೇ ಎಂದು ಸ್ಕ್ರೂ ಸ್ಕ್ರೂ ಬಿಚ್ಚಿ ನೋಡಿದೆ. ಇರಲಿಲ್ಲ. ಕಳಚಿದ ಡಿಸ್ಕಿನಲ್ಲಿ ಎಷ್ಟು ಹುಡುಕಿದರೂ ಚಾಚಾನ ಒಂದು ಅಕ್ಷರ ಸಿಗಲಿಲ್ಲ. ಪೆನ್‌ಡ್ರೈವ್‌ನಲ್ಲಿ ಮಾತ್ರ ಎಲ್ಲ ಇತ್ತು. ಕಂಪ್ಯೂಟರ್ ಸತ್ತಿತು, ಬರಹ ಉಳಿಯಿತು ಎಂದಷ್ಟೇ ಹೇಳಿ ಅದನ್ನು ಚಾಚಾಗೆ ಕೊಟ್ಟೆ. ಶಿರಸಿಯಲ್ಲಿ ಇದೇ ಕೆಲಸದಲ್ಲಿರುವ ಗೆಳತಿಗೆ ಹೇಳಿದರೆ ಹುಚ್ಚು ಹಿಡಿದಿದೆಯೇ ಎಂದು ನಕ್ಕುಬಿಟ್ಟಳು. "ಎಂತ ಮಳ್ಳೆ! ನೀ ಮೊದ್ಲೇ ಕಾಪಿ ಮಾಡಿ ಇಟ್ಟಿರ್ತೆ, ಮರ್ತೋಯ್ದು." ಹಾಗೇ ಆಗಿರಲಿ ಎಂದು ನಾನೂ ಆಸೆಪಟ್ಟೆ. ಆದರೆ ನಾನು ಮರೆತಿರಲಿಲ್ಲ.

ಮರುವರ್ಷ ಪುಸ್ತಕ ಅಚ್ಚಾಯಿತು. ಅಷ್ಟರಲ್ಲಿ ಚಾಚಾಗೆ ಕಣ್ಣು ಪೂರ್ತಿ ಹೋಗಿತ್ತು. ಮಗಳ ಕೈ ಹಿಡಿದು ಅಂಗಡಿಗೆ ಬಂದು ಒಂದು ಪ್ರತಿ ನನ್ನ ಕೈಗಿಟ್ಟರು.

"ಮೊದಲ್ನೇ ಪುಟ ಓದು ತಂಗಿ, ಕೇಳ್ತೇನೆ."

ತೆರೆದೆ. 'ನನ್ನ ಬರಹವನ್ನು ಉಳಿಸಿಕೊಟ್ಟ ತಂಗಿಗೆ' ಎಂದು ಬರೆಸಿ ಕೆಳಗೆ ನನ್ನ ಹೆಸರು ಹಾಕಿಸಿದ್ದರು. ಆ ಪುಟ ಮಗುಚಿ ಮೊದಲ ತಿರುವಿನ ಕತೆ ಓದತೊಡಗಿದೆ.

"ಅದಲ್ಲ, ಅದ್ರ ಹಿಂದಿಂದು," ಎಂದರು.

ಹಿಂದಕ್ಕೆ ಮಗುಚಿದೆ. ಅವರ ಬರಹ ಅಳಿಸಿದವಳು ನಾನು, ನನ್ನ ಹೆಸರನ್ನೇ ಅವರಿಗೆ ಗಟ್ಟಿಯಾಗಿ ಓದಿ ಹೇಳಿದೆ. ಅಲ್ಲಿ ಇರಬೇಕಾಗಿದ್ದ ಹೆಸರು ಯಾರದೋ, ಇವತ್ತಿಗೂ ನನಗೆ ತಿಳಿದಿಲ್ಲ.