ಅಣ್ಣನ ಕಾರಿನಲ್ಲಿ ಭಾಲ್ಕಿ, ಔರಾದ

ಜನವರಿಯ ಒಂದು ಬೆಳಿಗ್ಗೆ ಬೀದರಿನ ಮಂಗಲಪೇಟೆಯಿಂದ ಹೊರಟೆವು. ಸ್ಟೇರಿಂಗ್ ಹಿಡಿದವಳು ನಾನು. ಪಕ್ಕದಲ್ಲಿ ಶಾಲು ಹೊದ್ದು ಕೂತವರು ಸುಶೀಲಾ ವೈನಿ, ನನ್ನ ಅಣ್ಣ ಪ್ರಭಾಕರನ ಹೆಂಡತಿ. ಕಾರು ಅಣ್ಣನದು. ಅವನು ಎದೆನೋವಿನಿಂದ ತೀರಿಕೊಂಡು ಮುಂದಿನ ತಿಂಗಳಿಗೆ ವರ್ಷ. ಬಸ್ಸಿನಲ್ಲಾದರೆ ಈಗ ಹೆಂಗಸರಿಗೆ ಟಿಕೆಟ್ಟೇ ಇಲ್ಲ. ನಾವು ಎರಡು ಸಾವಿರ ರೂಪಾಯಿಯ ಪೆಟ್ರೋಲ್ ಹಾಕಿಸಿಕೊಂಡು ಹೊರಟಿದ್ದೆವು. ನಾನು ಆಸ್ಪತ್ರೆಯಲ್ಲಿ ನರ್ಸು, ಬಾಯಿ ಸ್ವಲ್ಪ ಜೋರು.

ಹೋಗುವ ಕಾರಣ ಹೇಳಬೇಕು. ನಮ್ಮ ಮನೆತನದಲ್ಲಿ ಒಂದು ರೂಢಿಯಿದೆ. ಹೋದವರು ಯಾವ ಕೆಲಸವನ್ನು ಅರ್ಧಕ್ಕೆ ಬಿಟ್ಟಿರುತ್ತಾರೋ ಅದನ್ನು ವರ್ಷ ತುಂಬಿದ ದಿನದ ಪ್ರಾರ್ಥನೆಗೆ ಮೊದಲೇ ಮನೆಯವರು ಮುಗಿಸಬೇಕು. ಅಜ್ಜಿ ಬಿಟ್ಟ ಕೌದಿಯನ್ನು ಅವ್ವ ಹೊಲಿದು ಮುಗಿಸಿದಳು. ಅಪ್ಪ ಅರ್ಧ ಕಟ್ಟಿಸಿದ ಕಂಪೌಂಡ್ ಗೋಡೆಯನ್ನು ಅಣ್ಣ ಎಬ್ಬಿಸಿದ. ಇನ್ನು ಅಣ್ಣ ಬಿಟ್ಟು ಹೋದದ್ದು ಯಾವುದಪ್ಪಾ ಅಂದರೆ, ಈ ಕಾರಿಗೆ ಸೂಪರ್‌ಚಾರ್ಜರ್ ಹಾಕಿಸುವುದು!

ಅಣ್ಣ ಶಾಲೆಯಲ್ಲಿ ವಿಜ್ಞಾನದ ಮಾಸ್ತರ. ಹೈದರಾಬಾದಿನಿಂದ ಹಳೆಯದೊಂದು ಆರು ಸಿಲಿಂಡರಿನ ಕಾರು ತಂದಿದ್ದ. ನಾಲ್ಕು ಬಾಗಿಲಿನ, ಮನೆಮಂದಿ ಕೂತು ಹೋಗುವ ಸಾದಾ ಕಾರು. ಸೂಪರ್‌ಚಾರ್ಜರ್ ಅಂದರೆ ಎಂಜಿನ್ನಿನ ಬೆಲ್ಟಿನಿಂದಲೇ ತಿರುಗಿ, ಗಾಳಿಯನ್ನು ಒತ್ತಿ ಒಳಗೆ ತುಂಬುವ ಯಂತ್ರ. ಗಾಳಿ ಹೆಚ್ಚಾದರೆ ಪೆಟ್ರೋಲೂ ಹೆಚ್ಚು ಉರಿಯುತ್ತದೆ, ಶಕ್ತಿಯೂ ಹೆಚ್ಚುತ್ತದೆ. ಮದುವೆಯೂಟದಲ್ಲಿ ಬೇಡ ಬೇಡ ಅಂದರೂ ಎಲೆಗೆ ಸುರಿಯುತ್ತಾರಲ್ಲ, ಹಾಗೆ. ಉಂಡವನ ಹೊಟ್ಟೆ ಏನಾದೀತೆಂದು ಬಡಿಸುವವರು ಯೋಚಿಸುವುದಿಲ್ಲ. ಪಿಸ್ಟನ್, ಗ್ಯಾಸ್ಕೆಟ್, ಗೇರ್‌ಬಾಕ್ಸ್, ಬ್ರೇಕ್ ಎಲ್ಲವೂ ಮೊದಲಿನ ಶಕ್ತಿಗೆ ಹೊಂದಿಸಿ ಮಾಡಿದವು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ಅಣ್ಣನಿಗೆ ನಾನು ಎಷ್ಟೋ ಸಲ ಹೇಳಿದ್ದೆ. ಅವನು ನಗುತ್ತಿದ್ದ. ಆ ಯಂತ್ರವನ್ನು ಎಲ್ಲಿಂದಲೋ ಹಳೆಯದನ್ನು ಕೊಂಡು, ಭಾಲ್ಕಿಯ ಯೂಸುಫ್ ಮಿಸ್ತ್ರಿಯ ಗ್ಯಾರೇಜಿನಲ್ಲಿ ಇಟ್ಟು ಬಂದಿದ್ದ. ಅಷ್ಟರಲ್ಲೇ ಹೋದ.

ಹಲಬರ್ಗಾ ದಾಟುವ ಹೊತ್ತಿಗೆ ಬಿಸಿಲು ಏರಿತ್ತು. ಕಬ್ಬಿನ ಕಾಲ. ಎರಡೆರಡು ಟ್ರಾಲಿ ಕಟ್ಟಿಕೊಂಡ ಟ್ರ್ಯಾಕ್ಟರೊಂದು ಮರಾಠಿ ಹಾಡು ಹಚ್ಚಿಕೊಂಡು ಮುಂದೆ ತೆವಳುತ್ತಿತ್ತು. ಅದರ ಹಿಂದೆ ನಾವು, ನಮ್ಮ ಹಿಂದೆ ಅರ್ಧ ಜಿಲ್ಲೆ.

“ನೋಡು ಶಾಂತಾ, ಇಂಥಲ್ಲಿ ಅದು ಬೇಕಿತ್ತು. ಭರ್ರಂತ ದಾಟಿ ಹೋಗ್ತಿದ್ವಿ,” ಎಂದರು ವೈನಿ.

“ದಾಟಿದ ಮ್ಯಾಲ ಮುಂದ ಇನ್ನೊಂದು ಟ್ರ್ಯಾಕ್ಟರ್ ಇರ್ತದರಿ ವೈನಿ.”

ಅವರು ನಕ್ಕರು. ವರ್ಷದಲ್ಲಿ ಅವರು ನಕ್ಕಿದ್ದನ್ನು ನಾನು ನೋಡಿದ್ದೇ ಕಡಿಮೆ. ಹಾಗಾಗಿ ಮುಂದೆ ವಾದ ಮಾಡಲಿಲ್ಲ.

ನಲವತ್ತು ಕಿಲೋಮೀಟರಿನ ದಾರಿಗೆ ಒಂದೂವರೆ ತಾಸು ಹಿಡಿಯಿತು. ಭಾಲ್ಕಿಯಲ್ಲಿ ರೈಲ್ವೆ ಸ್ಟೇಷನ್ನಿನ ಹತ್ತಿರ ಬಿಸಿ ಭಜಿ ತಿಂದು, ಚಹಾ ಕುಡಿದು ಗ್ಯಾರೇಜಿಗೆ ಹೋದೆವು. ಯೂಸುಫ್ ಮಿಸ್ತ್ರಿ ಅಣ್ಣನ ವಯಸ್ಸಿನವರು. ವೈನಿಯನ್ನು ಕಂಡು ಕೈ ಒರೆಸಿಕೊಳ್ಳುತ್ತಾ ಎದ್ದು ನಿಂತರು. ಗೋಣಿತಟ್ಟು ಸರಿಸಿ ಯಂತ್ರ ತೋರಿಸಿದರು. ಅಲ್ಯೂಮಿನಿಯಮ್ಮಿನ ಒಂದು ಗಡ್ಡೆ, ಒಂದು ಬದಿಗೆ ಬೆಲ್ಟಿನ ಚಕ್ರ. ವೈನಿ ಅದರ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದರು. ನನಗೆ ನೋಡಲಾಗಲಿಲ್ಲ.

“ಮಾಸ್ತರ ಇಟ್ಟು ಹೋದ್ರು, ಮತ್ತ ಬರಲಿಲ್ಲರಿ,” ಎಂದರು ಮಿಸ್ತ್ರಿ. “ಹಾಕಬೇಕಂದ್ರ ಹಾಕ್ತೇನಿ ಅಕ್ಕಾರ. ಆದರ ಎಂಜಿನ್ ಎಷ್ಟು ದಿನ ತಡೀತದ ಅಂತ ಕೇಳಬ್ಯಾಡ್ರಿ. ನಾ ಹಾಕಿದ್ದು ಜಿಂದಗಿಯೊಳಗ ಒಂದೇ ಗಾಡಿಗಿ.”

“ಆ ಗಾಡಿ ಈಗ ಎಲ್ಲಿ ಅದ?” ಎಂದು ನಾನು ಕೇಳಿದೆ.

“ಔರಾದದಾಗ ಅದ. ವಿಠ್ಠಲರಾವ್ ಅಂತ, ತೊಗರಿ ವ್ಯಾಪಾರಿ. ಇದೇ ಕಂಪನಿ, ಇದೇ ಎಂಜಿನ್. ಹೋಗಿ ಕೂತು ನೋಡ್ರಿ, ಆಮ್ಯಾಲ ಹೇಳ್ರಿ.”

ಅವರು ಫೋನು ಮಾಡಿ ನಾವು ಬರುವುದನ್ನು ತಿಳಿಸಿದರು. ಗಿರಾಕಿಗಳು ಎಂದಷ್ಟೇ ಹೇಳಿದ್ದು ನಮಗೂ ಕೇಳಿಸಿತು.

ಔರಾದದ ದಾರಿಯಲ್ಲಿ ಕಡಲೆ, ಜೋಳದ ಹೊಲಗಳು. ತೊಗರಿ ಕೊಯ್ದು ಕೂಳೆ ಉಳಿದಿತ್ತು. ಒಂದು ಬೇವಿನ ಮರದ ಕೆಳಗೆ ರೊಟ್ಟಿ, ಪುಂಡಿ ಪಲ್ಯೆ, ಶೇಂಗಾ ಹಿಂಡಿಯ ಬುತ್ತಿ ಬಿಚ್ಚಿದೆವು. ವೈನಿ ಒಂದೇ ರೊಟ್ಟಿ ತಿಂದರು. ಪ್ರಾರ್ಥನೆಯ ದಿನ ಊರ ಮಂದಿಯೆದುರು ಬಾನೆಟ್ ಎತ್ತಿ ತೋರಿಸಬೇಕು, ಮಾಸ್ತರ ಕೆಲಸ ಮುಗಿಯಿತು ಅನ್ನಬೇಕು ಎಂದರು. ಇಂಥ ದಂಡದ ಕೆಲಸಕ್ಕೆ ಒಳ್ಳೆಯ ಎಂಜಿನ್ನನ್ನು ಬಲಿಕೊಡಬೇಡಿ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಬುತ್ತಿ ಕಟ್ಟಿಕೊಂಡು ಎದ್ದೆ.

ಔರಾದದಲ್ಲಿ ಸಂತೆಯ ಗದ್ದಲ. ಕಾರನ್ನು ಬಸ್ ನಿಲ್ದಾಣದ ಹತ್ತಿರವೇ ಬಿಟ್ಟು ವಿಠ್ಠಲರಾವ್ ಅವರ ಅಂಗಡಿಗೆ ನಡೆದೆವು. ದಪ್ಪ ಮೀಸೆಯ, ಖುಷಿಯ ಮನುಷ್ಯ. ಚಹಾ ಕುಡಿಸಿಯೇ ಕಾರು ತೆಗೆದರು. ಊರು ದಾಟಿ, ಖಾಲಿ ರಸ್ತೆಯಲ್ಲಿ ಕಾಲು ಒತ್ತಿದರು ನೋಡಿ, ನನ್ನ ಬೆನ್ನು ಸೀಟಿಗೆ ಅಂಟಿಕೊಂಡಿತು. ಬಾನೆಟ್ಟಿನೊಳಗಿಂದ ಉದ್ದಕ್ಕೂ ಆ ಯಂತ್ರದ ಸಿಳ್ಳೆ, ನಿಲ್ಲದ ಸಿಳ್ಳೆ. ಇದಕ್ಕಾಗಿ ಅಣ್ಣ ಆಸೆಪಟ್ಟದ್ದು ಸುಳ್ಳಲ್ಲ ಎಂದು ನನಗೂ ಅನ್ನಿಸಿತು. ವೈನಿ ಮುಂದಿನ ಹಿಡಿಕೆಯನ್ನು ಬಿಗಿಯಾಗಿ ಹಿಡಿದಿದ್ದರು.

“ಮಜಾ ಅದರಿ, ಖರೆ,” ಎಂದರು ವಿಠ್ಠಲರಾವ್. “ಆದರ ಬ್ಯಾಸಿಗ್ಯಾಗ ಎಂಜಿನ್ ಕಾಯ್ತದ. ಗ್ಯಾಸ್ಕೆಟ್ ಹೋಗಿತ್ತು, ಹೊಸಾದು ಹಾಕಿಸೀನಿ. ಪೆಟ್ರೋಲ್ ಕೇಳಬ್ಯಾಡ್ರಿ. ಹೆಂಡ್ರು ಮಕ್ಕಳು ಕೂಡೋ ಗಾಡಿಗಿ ಇದು ಬ್ಯಾಡ. ನಮ್ಮ ಮನಿಯವರು ಹತ್ತೋದೇ ಬಿಟ್ಟಾರ.”

ಬಿಡಲು ಬಸ್ ನಿಲ್ದಾಣದವರೆಗೂ ಬಂದರು. ಅಲ್ಲಿ ನಮ್ಮ ಕಾರನ್ನು ಕಂಡದ್ದೇ ಬ್ರೇಕ್ ಹಾಕಿದರು.

“ಅರೇ, ಇದು ಬೀದರದ ಪ್ರಭಾಕರ ಮಾಸ್ತರ ಗಾಡಿ ಅಲ್ಲೇನ್ರಿ! ಹ್ಯಾಂಗ ಅದಾರ ಮಾಸ್ತರ? ಆರಾಮ ಅದಾರಾ?”

ಅಣ್ಣ ತೀರಿಕೊಂಡದ್ದನ್ನು ನಾನೇ ಹೇಳಿದೆ. ಅವರು ಕಾರು ಆರಿಸಿ, ತಲೆ ತಗ್ಗಿಸಿ ಕೂತರು.

“ಮಾಸ್ತರ ನಿಮ್ಮ ಕಡಿ ಬಂದಿದ್ರೇನ್ರಿ?” ಎಂದು ವೈನಿ ಕೇಳಿದರು.

“ನನ್ನ ಗಾಡಿ ಸುದ್ದಿ ಕೇಳಿ ಬಂದಿದ್ರವ್ವಾ. ಹೋದ ವರ್ಷ, ಇದೇ ಚಳಿಯಾಗ. ಹಿಂಗೇ ಒಂದು ಸುತ್ತು ಹೋಗಿ ಬಂದ್ವಿ. ಇಳಿದವರೇ ನಕ್ಕೋತ, ‘ಗಾಡಿ ಛಲೋ ಅದರಿ ಸಾವಕಾರ. ಆದರ ನಮ್ಮ ಮನಿಯವರಿಗಿ ಬಸ್ಸಿನಾಗ ವಾಂತಿ ಬರ್ತದ. ಈ ಆರು ಸಿಲಿಂಡರ್ ಗಾಡ್ಯಾಗ ಮಾತ್ರ ಅವರು ನಿದ್ದಿ ಮಾಡ್ತಾರ. ಈ ಸಿಳ್ಳೆ ಕೇಳಕೋತ ಮಲಗಂಗಿಲ್ಲ. ನನಗ ಬ್ಯಾಡ’ ಅಂದ್ರು. ಮಿಸ್ತ್ರಿಗಿ ತಾವೇ ಹೇಳ್ತೇನಿ ಅಂದಿದ್ರು.”

ಹೇಳುವಷ್ಟು ದಿನ ಅಣ್ಣನಿಗೆ ಉಳಿದಿರಲಿಲ್ಲ. ವೈನಿ ಕಾರಿನಿಂದ ಇಳಿದು, ವಿಠ್ಠಲರಾವ್ ಅವರಿಗೆ ಕೈ ಮುಗಿದು, ನಮ್ಮ ಕಾರಿನೊಳಗೆ ಬಂದು ಕೂತರು.

ಔರಾದದಿಂದ ಬೀದರಿಗೆ ಸಂತಪುರ, ಕೌಠಾದ ಮೇಲೆ ನೇರ ದಾರಿ. ನಾನು ಗೆದ್ದಿದ್ದೆ. ಸೂಪರ್‌ಚಾರ್ಜರ್ ಬೇಡ ಎನ್ನುವುದಕ್ಕೆ ಅಣ್ಣನೇ ಸಾಕ್ಷಿ ಸಿಕ್ಕಿದ್ದ. ಕೌಠಾದಲ್ಲಿ ಮಾಂಜ್ರಾ ಹೊಳೆಯ ಸೇತುವೆ ಬಂತು. ಸೇತುವೆಯ ಮೇಲೆ, ನೀರನ್ನು ನೋಡುತ್ತಾ ವೈನಿ ಕೇಳಿದರು.

“ಹಂಗಾದರ ನಿಮ್ಮಣ್ಣ ಅರ್ಧಕ್ಕ ಬಿಟ್ಟ ಕೆಲಸ ಯಾವುದೂ ಇಲ್ಲಲ್ಲ ಶಾಂತಾ?”

“ಇಲ್ಲರಿ ವೈನಿ.”

“ಎಲ್ಲಾ ಮುಗಿಸೇ ಹೋಗ್ಯಾರ.”

“ಹೂಂನ್ರಿ.”

“ಈ ವರ್ಷ ಪೂರಾ, ಅವರದೊಂದು ಕೆಲಸ ಅದ, ಅದನ್ನ ಮುಗಿಸಬೇಕು ಅಂತ ದಿನಾ ಮುಂಜಾನೆ ಎದ್ದೀನಿ. ಇನ್ನ ಯಾತಕ್ಕ ಏಳಲಿ?”

ಅವರು ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ಗಾಡಿ ಬದಿಗೆ ನಿಲ್ಲಿಸಿ ನಾನೂ ಅತ್ತೆ. ಮನೆಯ ಕಾರಿಗೆ ಈ ಯಂತ್ರ ಹಾಕಿಸುವುದು ಲಾಭವೋ ಎಂದು ಯಾರಾದರೂ ಕೇಳಿದರೆ ಇವತ್ತಿಗೂ ಇಲ್ಲ ಎನ್ನುತ್ತೇನೆ. ಆದರೆ ಆ ಸಂಜೆ ಮಾತ್ರ, ಎಂಜಿನ್ ಸುಟ್ಟು ಹೋದರೂ ಹೋಗಲಿ, ಅಣ್ಣ ಔರಾದಕ್ಕೆ ಬಂದಿರದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಮಂಗಲಪೇಟೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಮನೆಯ ಮುಂದೆ ಕಾರು ನಿಲ್ಲಿಸಿ, ಇಳಿಯಿರಿ ಎಂದೆ. ವೈನಿ ಬಾಗಿಲ ಹಿಡಿಕೆಯ ಮೇಲೆ ಕೈಯಿಟ್ಟು ಹಾಗೇ ಕೂತರು. ಅಣ್ಣನಿಗೆ ಮಣ್ಣು ಕೊಟ್ಟು ಬಂದ ದಿನವೂ ಈ ಬಾಗಿಲ ಮುಂದೆ ಅವರು ಹೀಗೇ ಕೂತಿದ್ದರು. ಆ ದಿನ ನಾನು ಕೈ ಹಿಡಿದು ಇಳಿಸಿದ್ದೆ. ಈ ಸಲ ಇಳಿಸಲು ನನ್ನ ಕೈ ಏಳಲಿಲ್ಲ.